ಸೈನ್ಯಕ್ಕೆ ಪುಸ್ತಕ ಕೊಟ್ಟ ಸುಲ್ತಾನ

ಹಲಸೂರು, ಶಿವಾಜಿನಗರಗಳನ್ನೊಳಗೊಂಡ ನಮ್ಮ ದಂಡು ಪ್ರದೇಶಕ್ಕೂ ಶ್ರೀರಂಗಪಟ್ಟಣಕ್ಕೂ ನಂಟಿದೆ. ಕಾವೇರಿಯ ಆ ದ್ವೀಪದಲ್ಲಿ ಜ್ವರದ ಕಾಟ ತಾಳಲಾರದೆ ಬ್ರಿಟಿಷ್ ಸೇನೆ 1809ರಲ್ಲಿ ಇಲ್ಲಿಗೆ ಬಂದಿತು. ಅದಕ್ಕೂ ಮುನ್ನ ಆ ದ್ವೀಪ ಹಜ್ರತ್ ಟಿಪ್ಪು ಸುಲ್ತಾನ್ ಶಹೀದರ ರಾಜಧಾನಿಯಾಗಿತ್ತು.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿಯವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಮಗನಿಗೆ ಉತ್ತಮ ಶಿಕ್ಷಣ ಕೊಡಿಸಿದರು. 1782ರಲ್ಲಿ ತಂದೆ ತೀರಿಕೊಂಡ ಬಳಿಕ ಅಧಿಕಾರಕ್ಕೆ ಬಂದ ಸುಲ್ತಾನರು ಸೈನ್ಯವನ್ನು ಲಿಖಿತ ನಿಯಮಗಳಿಗೆ ಒಳಪಡಿಸಿದರು. ಝೈನುಲ್ ಆಬಿದೀನ್ ಶುಸ್ತರಿಯವರು ಫಾರ್ಸಿಯಲ್ಲಿ ರಚಿಸಿದ ‘ಫತ್‌ಹುಲ್ ಮುಜಾಹಿದೀನ್’ ಆ ಸೈನ್ಯದ ಕೈಪಿಡಿ. ಕಾಲಾಳುಗಳನ್ನು ಕುಶೂನ್, ರಿಸಾಲೆ, ಜೂಕ್ ಎಂದು ವಿಂಗಡಿಸಲಾಯಿತು. ಇವುಗಳಿಗೆ ಕ್ರಮವಾಗಿ ಸಿಪಹದಾರ್, ರಿಸಾಲದಾರ್, ಜೂಕ್‌ದಾರ್ ಮುಖ್ಯಸ್ಥರು. ಕಬ್ಬಿಣದ ಕೊಳವೆಯ ರಾಕೆಟ್ ಹಾರಿಸುವವರಿಗೂ ಕುಶೂನಿನಲ್ಲಿ ಸ್ಥಾನವಿತ್ತು.

1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. ಸುಲ್ತಾನರು ಎದೆಗುಂದಲಿಲ್ಲ. 1796ರಲ್ಲಿ ನೌಕಾಪಡೆಗಾಗಿ ‘ಮೀರ್ ಯಮ್’ ಎಂಬ ಅಧಿಕಾರಿಗಳ ಮಂಡಳಿಯನ್ನು ನೇಮಿಸಿದರು.

1799ರ ಮೇ 4ರಂದು ಕೋಟೆ ಶತ್ರುಗಳ ವಶವಾಯಿತು. ಮೀರ್ ಸಾದಿಕನ ದ್ರೋಹವೂ ಸೇರಿತು. ಸುಲ್ತಾನರು ಹೋರಾಡುತ್ತಲೇ ಶಹೀದರಾದರು. ಅರಮನೆಯಲ್ಲಿ ಗೆದ್ದವರಿಗೆ ಸುಮಾರು 2,000 ಹಸ್ತಪ್ರತಿಗಳು ಸಿಕ್ಕವು. ಅವು ಕಲ್ಕತ್ತಾ, ಲಂಡನ್ ಸೇರಿದವು.

ಸುಲ್ತಾನರ ಹೆಸರಿನಲ್ಲಿ ಮೆರವಣಿಗೆ ಹೊರಡಲು ನಮ್ಮಲ್ಲಿ ಜನರಿಗೆ ಬರವಿಲ್ಲ. ಆ ಕೈಪಿಡಿಯ ಒಂದು ಪುಟವನ್ನಾದರೂ ಓದಬಲ್ಲವರು ನಮ್ಮ ಮಕ್ಕಳಲ್ಲಿ ಎಷ್ಟು ಜನ? ಒಬ್ಬರಾದರೂ ಫಾರ್ಸಿ ಕಲಿತು ಓದುವಂತಾಗಲಿ, ಆಮೀನ್.