ನಾಯಿ ಕಲಿಯುವ ಬಗೆಯನ್ನು ತೋರಿಸಿಕೊಟ್ಟ ಪಾವ್ಲೊವ್

ತಟ್ಟೆ ಸದ್ದಾದೊಡನೆ ಸಾಕುನಾಯಿ ಬಾಲ ಅಲ್ಲಾಡಿಸುತ್ತಾ ಓಡಿಬರುವುದೇಕೆ? ಈ ಸಾಮಾನ್ಯ ಸಂಗತಿಗೆ ಪ್ರಯೋಗಾಲಯದಲ್ಲಿ ಉತ್ತರ ಕಂಡುಕೊಂಡವರು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್.

1849ರಲ್ಲಿ ರಿಯಾಜಾನ್ ಪಟ್ಟಣದ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಅವರು, ಧಾರ್ಮಿಕ ಶಿಕ್ಷಣವನ್ನು ಅರ್ಧಕ್ಕೇ ಬಿಟ್ಟು 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. ಜೀರ್ಣಕ್ರಿಯೆ ಕುರಿತ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಅವರನ್ನು ಮನೆಮಾತಾಗಿಸಿದ್ದು ನಾಯಿಯ ಜೊಲ್ಲು. ಆಹಾರ ತರುವವರ ಹೆಜ್ಜೆ ಸಪ್ಪಳಕ್ಕೇ ಪ್ರಯೋಗಾಲಯದ ನಾಯಿಗಳು ಜೊಲ್ಲು ಸುರಿಸುತ್ತಿದ್ದವು. ಮೆಟ್ರೊನೋಮ್ ಸದ್ದಿನ ಬೆನ್ನಿಗೇ ಆಹಾರ ನೀಡುತ್ತಾ ಬಂದರೆ, ಕ್ರಮೇಣ ಸದ್ದೊಂದೇ ಸಾಕಾಗುತ್ತಿತ್ತು. ಸದ್ದಿನ ನಂತರ ಆಹಾರ ನಿಲ್ಲಿಸಿದರೆ ಆ ಪ್ರತಿಕ್ರಿಯೆಯೂ ಕುಂದುತ್ತಿತ್ತು.

ಅವರ ಪ್ರಯೋಗಾಲಯದ ಇನ್ನೊಂದು ಪ್ರಯೋಗ ತರಬೇತುದಾರರಿಗೆ ಎಚ್ಚರಿಕೆಯಂತಿದೆ. ವೃತ್ತ ಕಂಡರೆ ಆಹಾರ, ಅಂಡಾಕೃತಿ ಕಂಡರೆ ಇಲ್ಲವೆಂದು ನಾಯಿಗೆ ಕಲಿಸಲಾಯಿತು. ಅಂಡಾಕೃತಿಯನ್ನು ಹಂತಹಂತವಾಗಿ ವೃತ್ತಕ್ಕೆ ಹತ್ತಿರವಾಗಿಸಿದಾಗ, ವ್ಯತ್ಯಾಸ ತಿಳಿಯದೆ ಅದುವರೆಗೆ ಶಾಂತವಾಗಿದ್ದ ನಾಯಿ ಕಿರುಚಾಡಿ, ಉಪಕರಣಗಳನ್ನು ಕಚ್ಚತೊಡಗಿತು. ಮೊದಲು ಕಲಿತದ್ದನ್ನೂ ಕಳೆದುಕೊಂಡಿತು. ನಾಯಿಯನ್ನು ಹಠಮಾರಿಯೆಂದು ಗದರಿಸುವ ಮುನ್ನ, ನಮ್ಮ ಆಜ್ಞೆ ಸ್ಪಷ್ಟವಾಗಿದೆಯೇ ಎಂದು ನೋಡಿಕೊಳ್ಳಬೇಕು ಎಂಬುದೇ ಇದರ ಪಾಠ. ಕ್ಲಿಕ್ಕರ್ ಸದ್ದನ್ನು ತಿಂಡಿಯೊಂದಿಗೆ ಬೆಸೆಯುವ ಇಂದಿನ ತರಬೇತಿ ಕ್ರಮಕ್ಕೂ ಪಾವ್ಲೊವ್ ಅವರ ಶೋಧವೇ ಬುನಾದಿ.

ಈ ತಿಳಿವಳಿಕೆಗೆ ನಾಯಿಗಳು ತೆತ್ತ ಬೆಲೆ ಸಣ್ಣದಲ್ಲ. ಜೊಲ್ಲು ಅಳೆಯಲು ಅವುಗಳ ಗ್ರಂಥಿನಾಳವನ್ನು ಶಸ್ತ್ರಚಿಕಿತ್ಸೆಯಿಂದ ಹೊರಕ್ಕೆ ತಿರುಗಿಸಲಾಗುತ್ತಿತ್ತು. ಆ ಋಣದ ನೆನಪಿಗೆಂದೇ ಪಾವ್ಲೊವ್ ಸಲಹೆಯಂತೆ 1935ರಲ್ಲಿ ಅವರ ಸಂಸ್ಥೆಯ ಆವರಣದಲ್ಲಿ ನಾಯಿಯ ಸ್ಮಾರಕ ತಲೆಯೆತ್ತಿತು. ಮರುವರ್ಷ ಫೆಬ್ರವರಿ 27ರಂದು, ತಮ್ಮ 86ರ ವಯಸ್ಸಿನಲ್ಲಿ ಪಾವ್ಲೊವ್ ಕಣ್ಮುಚ್ಚಿದರು.