ಬಿಸಿಲ ನಾಡಿನ ಕ್ರಿಸ್‌ಮಸ್‌ಗಳು: ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರ ನೆನಪು

ಡಿಸೆಂಬರ್ ತಿಂಗಳು ಬಂತೆಂದರೆ ನಾವು ನೆಲೆಸಿರುವ ಮಹಾನಗರಗಳ ಅಂಗಡಿಬೀದಿಗಳಲ್ಲಿ ನಕ್ಷತ್ರದೀಪಗಳು ತೂಗಾಡತೊಡಗುತ್ತವೆ. ಈ ಹಬ್ಬದ ದಿನಗಳಲ್ಲಿ ಕನ್ನಡಿಗರಾದ ನಾವು ಕೃತಜ್ಞತೆಯಿಂದ ನೆನೆಯಬೇಕಾದ ಒಂದು ಹೆಸರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರದು. ಅವರು ಜರ್ಮನಿಯಲ್ಲಿ ಕೊನೆಯುಸಿರೆಳೆದದ್ದು 1903ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಕೆಲವೇ ದಿನಗಳು ಉಳಿದಿರುವಾಗ. ಕಿಟ್ಟೆಲ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅವರ ಬೃಹತ್ ಕನ್ನಡ-ಇಂಗ್ಲಿಷ್ ನಿಘಂಟು. ಆದರೆ ಆ ನಿಘಂಟಿನ ಹಿಂದಿದ್ದ ಮಿಷನರಿಯನ್ನು, ತವರಿನಿಂದ ಸಾವಿರಾರು ಮೈಲಿ ದೂರದ ಸೆಕೆಯ ನಾಡಿನಲ್ಲಿ ಸುಮಾರು ಮೂವತ್ತು ಕ್ರಿಸ್‌ಮಸ್‌ಗಳನ್ನು ಕಳೆದ ಆ ಮನುಷ್ಯನನ್ನು ನಾವು ಅಷ್ಟಾಗಿ ಬಲ್ಲೆವೆಂದು ಹೇಳಲಾಗದು.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿಗಳು. ಉತ್ತರ ಸಮುದ್ರದ ತೀರಕ್ಕೆ ಸಮೀಪವಾದ ಆ ತಗ್ಗು ನೆಲದಲ್ಲಿ ಡಿಸೆಂಬರ್ ಎಂದರೆ ಸಂಜೆ ನಾಲ್ಕು ಗಂಟೆ ಕಳೆಯುತ್ತಲೇ ಕವಿಯುವ ಕತ್ತಲು, ಕೊರೆಯುವ ಗಾಳಿ, ಮನೆಯೊಳಗೆ ಒಲೆಯ ಬಿಸಿ. ಕ್ರಿಸ್‌ಮಸ್ ಎಂಬ ಹಬ್ಬ ಜರ್ಮನಿಯ ಮಕ್ಕಳ ಮನಸ್ಸಿನಲ್ಲಿ ಈ ಕತ್ತಲು ಮತ್ತು ಚಳಿಯೊಡನೆಯೇ ಬೆಸೆದುಕೊಂಡು ಬೆಳೆಯುವಂಥದು. ಅದು ಕತ್ತಲೆಯ ನಡುವೆ ಹಚ್ಚಿಟ್ಟ ದೀಪದ ಹಬ್ಬ. ಇಂಥ ಪರಿಸರದಲ್ಲಿ ಬೆಳೆದ ಕಿಟ್ಟೆಲ್ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನು ಎಳೆಯ ವಯಸ್ಸಿನಲ್ಲಿಯೇ ಅಭ್ಯಾಸ ಮಾಡಿದರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕರ್ನಾಟಕಕ್ಕೆ ಬಂದಿಳಿದರು. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಹದಿನಾರು ವರ್ಷಗಳಿದ್ದ ಕಾಲವದು. ಹೊರಟವರಿಗೆ ಬೇಗನೆ ಮರಳುವ ಮಾತೇ ಇರಲಿಲ್ಲ.

ಬಾಸೆಲ್ ಮಿಷನ್ನು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡ, ಹುಬ್ಬಳ್ಳಿಗಳಲ್ಲಿಯೂ ಅದರ ಕೇಂದ್ರಗಳು ಮುಂದೆ ನೆಲೆಯೂರಿದವು. 1843ರಲ್ಲಿ ಮಂಗಳೂರ ಸಮಾಚಾರವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಅವರು ಕಿಟ್ಟೆಲ್ ಅವರ ಹಿರಿಯ ಸಹೋದ್ಯೋಗಿಗಳಾಗಿದ್ದರು. ಶಾಲೆ, ಮುದ್ರಣಾಲಯ, ನೇಯ್ಗೆ, ಮುಂದೆ 1865ರಲ್ಲಿ ಹೆಂಚಿನ ಕಾರ್ಖಾನೆ, ಹೀಗೆ ಹಲವು ಉದ್ಯಮಗಳ ನಡುವೆ ಮಿಷನರಿಯ ದಿನಚರಿ ಹಂಚಿಹೋಗುತ್ತಿತ್ತು. ಬೆಳಗಿನ ಪ್ರಾರ್ಥನೆ, ಶಾಲೆಯ ಪಾಠ, ಭಾಷೆಯ ಅಭ್ಯಾಸ, ಅಚ್ಚುಮನೆಯ ಕರಡು ತಿದ್ದುವಿಕೆ, ಕಾಯಿಲೆಯವರ ಭೇಟಿ, ಸಂಜೆಯ ಉಪದೇಶ, ದೀಪದ ಬೆಳಕಿನಲ್ಲಿ ಪತ್ರಗಳ ಬರವಣಿಗೆ, ಇವೆಲ್ಲ ಆ ಬಾಳಿನ ನಿತ್ಯದ ಅಂಗಗಳು.

ಈ ದಿನಚರಿಯಲ್ಲಿ ಡಿಸೆಂಬರ್ ತಿಂಗಳಿಗೆ ವಿಶೇಷ ಸ್ಥಾನವಿತ್ತೆಂಬುದನ್ನು ಮರೆಯಲಾಗದು. ಕರಾವಳಿಯಲ್ಲಿ ಮಳೆಗಾಲವೆಂದರೆ ಹೊಳೆಗಳು ಉಕ್ಕಿ, ಹಾದಿಗಳು ಮುಚ್ಚಿಹೋಗುವ ಕಾಲ. ಮಳೆ ನಿಂತು ನೆಲ ಒಣಗಿದ ಮೇಲೆಯೇ ಹಳ್ಳಿಗಳಿಗೆ, ಸಂತೆಗಳಿಗೆ, ಜಾತ್ರೆಗಳಿಗೆ ಹೋಗಲು ಅನುಕೂಲ. ಆದುದರಿಂದ ತವರಿನವರು ಬಾಗಿಲು ಮುಚ್ಚಿ ಒಲೆಯ ಬಳಿ ಕುಳಿತಿರುವ ತಿಂಗಳು ಇಲ್ಲಿಯ ಮಿಷನರಿಗೆ ನಡಿಗೆಯ ತಿಂಗಳಾಗಿತ್ತು. ಮಂಗಳೂರಿನಲ್ಲಿ ಡಿಸೆಂಬರಿನ ಮಧ್ಯಾಹ್ನದ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಹಿಮವಿಲ್ಲ, ದೇವದಾರು ಮರವಿಲ್ಲ. ತೆಂಗಿನ ಗರಿಗಳ ನೆರಳು, ಕಡಲ ಮೇಲಿನ ಉಪ್ಪುಗಾಳಿ, ಬೆವರಿಗೆ ಅಂಟಿಕೊಳ್ಳುವ ಅಂಗಿ. ಅದೇ ಊರಿನಲ್ಲಿ ಕೊಂಕಣಿ ಮಾತನಾಡುವ ಕ್ಯಾಥೊಲಿಕರು ಬಹು ಹಿಂದಿನಿಂದಲೇ ನೆಲೆಸಿ, ತಮ್ಮ ರೀತಿಯಲ್ಲಿ ಈ ಹಬ್ಬವನ್ನು ಆಚರಿಸುತ್ತ ಬಂದಿದ್ದರು. ಧಾರವಾಡದಲ್ಲಿ ಬೆಳಗಿನ ಚಳಿಯಾದರೂ ತುಸು ಸಮಾಧಾನ ನೀಡುತ್ತಿತ್ತು. ಹೊಲಗಳಲ್ಲಿ ಜೋಳದ ಬೆಳೆ ನಿಂತಿರುವ ಕಾಲವದು. ಮುಂದೆ ಕಿಟ್ಟೆಲ್ ಕೆಲವು ವರ್ಷ ನೆಲೆಸಿದ ಮಡಿಕೇರಿಯಲ್ಲಿ ಇದೇ ಋತುವಿನಲ್ಲಿ ಕೊಡವರು ಹೊಸ ಫಸಲಿನ ಹಬ್ಬವಾದ ಹುತ್ತರಿಯನ್ನು ಆಚರಿಸುತ್ತಾರೆ. ಹೀಗೆ ಒಂದೇ ತಿಂಗಳು ಮೂರು ಊರುಗಳಲ್ಲಿ ಮೂರು ಬಗೆಯಾಗಿ ಅವರಿಗೆ ಎದುರಾಯಿತು. ಮೂರೂ ಕಡೆ ಮಾತಿನ ಬಗೆಯೂ ಬೇರೆಬೇರೆಯಾಗಿತ್ತು.

ಈ ಮಾತಿನ ವೈವಿಧ್ಯವೇ ಕಿಟ್ಟೆಲ್ ಅವರನ್ನು ಹಿಡಿದಿಟ್ಟಿತು. ಅಂದು ಧಾರವಾಡ ಮುಂಬಯಿ ಪ್ರಾಂತಕ್ಕೂ, ಮಂಗಳೂರು ಮದರಾಸು ಪ್ರಾಂತಕ್ಕೂ ಸೇರಿದ್ದವು. ಕೊಡಗು, ಮೈಸೂರು, ಹೈದರಾಬಾದ್ ಬೇರೆ ಬೇರೆ ಆಡಳಿತಗಳಾಗಿದ್ದವು. ಹೀಗೆ ಹರಿದು ಹಂಚಿಹೋದ ಕನ್ನಡವನ್ನು ಒಂದೆಡೆ ಕಾಣಬಲ್ಲ ಗ್ರಂಥವೊಂದರ ಅಗತ್ಯ, ಊರಿಂದೂರಿಗೆ ತಿರುಗಿದ ಈ ಪರದೇಶಿಗೆ ಸ್ಪಷ್ಟವಾಗಿ ಗೋಚರಿಸಿತು. ಜನರೊಡನೆ ಬೆರೆಯದೆ ಅವರ ಭಾಷೆ ಬಾರದೆಂಬುದು ಅವರ ದೃಢವಾದ ನಂಬಿಕೆ. ಆದರೆ ಮಿಷನ್ನು ಮೆಚ್ಚುವ ಫಲ ಬೇರೆಯಾಗಿತ್ತು. ಮತಕ್ಕೆ ಬಂದವರ ಲೆಕ್ಕದಲ್ಲಿ ಕಿಟ್ಟೆಲ್ ಅವರ ಸಾಧನೆ ದೊಡ್ಡದೆನಿಸಲಿಲ್ಲ. ಸಹೋದ್ಯೋಗಿಗಳ ನಡುವೆ ಅವರು ಒಂಟಿಯಾಗಿಯೇ ಉಳಿದರು.

ಮನೆಯೊಳಗಿನ ದುಃಖವೂ ಅವರನ್ನು ಬಿಡಲಿಲ್ಲ. 1860ರಲ್ಲಿ ಅವರು ಪೌಲಿನ್ ಐತ್ ಅವರನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ಮಂಗಳೂರಿನಲ್ಲಿ ತೀರಿಕೊಂಡರು. ಉಷ್ಣದೇಶದ ರೋಗಗಳು ಮಿಷನರಿ ಕುಟುಂಬಗಳನ್ನು ಪದೇಪದೇ ಬಲಿ ತೆಗೆದುಕೊಂಡ ಕಾಲವದು. ಬದುಕಿದ ಮಕ್ಕಳನ್ನೂ ವಿದ್ಯಾಭ್ಯಾಸಕ್ಕಾಗಿ ಬಾಸೆಲ್‌ಗೆ ಕಳುಹಿಸಿ, ವರ್ಷಾನುಗಟ್ಟಲೆ ಪತ್ರಗಳಲ್ಲಿಯೇ ಅವರನ್ನು ಕಾಣುವುದು ಮಿಷನ್ನಿನಲ್ಲಿ ರೂಢಿಯಾಗಿತ್ತು. ಇಡೀ ಕುಟುಂಬ ಒಂದೆಡೆ ಸೇರಬೇಕಾದ ಹಬ್ಬ ಇಂಥ ಮನೆಗಳಲ್ಲಿ ಹೇಗೆ ಕಳೆದಿರಬಹುದೆಂಬುದನ್ನು, ಊರು ಬಿಟ್ಟು ಬಂದು ನೆಲೆಸಿದ ನಾವು ಕಿಂಚಿತ್ತಾದರೂ ಊಹಿಸಬಲ್ಲೆವು. 1867ರಲ್ಲಿ ಪೌಲಿನ್ ಅವರ ಸಹೋದರಿ ಜೂಲಿ ಅವರನ್ನು ಕಿಟ್ಟೆಲ್ ಮದುವೆಯಾದರು.

ಕ್ರಿಸ್‌ಮಸ್ಸಿನ ಕಥೆಯನ್ನು ಈ ನಾಡಿಗೆ ತಲುಪಿಸುವ ಬಗೆಯಲ್ಲಿಯೂ ಕಿಟ್ಟೆಲ್ ತಮ್ಮದೇ ಹಾದಿ ಹಿಡಿದರು. 1862ರಲ್ಲಿ ಪ್ರಕಟವಾದ ಅವರ ಕಥಾಮಾಲೆಯು ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಕಾವ್ಯ. ಕಾವ್ಯವನ್ನು ವಾಚಿಸಿ, ಹಾಡಿ, ಕೇಳಿ ಆನಂದಿಸುವ ಜನರಿಗೆ ಪಶ್ಚಿಮದ ಗದ್ಯ ಹಿಡಿಸಲಾರದೆಂಬುದನ್ನು ಅವರು ಅರಿತಿದ್ದರು. ಕನ್ನಡದ ಕವಿಗಳು ಪುರಾಣಪುರುಷರ ಕಥೆಗೆ ಬಳಸಿದ ನಡೆಯಲ್ಲಿಯೇ ತಮ್ಮ ದೇವರ ಕಥೆಯನ್ನೂ ಹೇಳಹೊರಟದ್ದು, ಇಲ್ಲಿಗೆ ಬಂದು ಹತ್ತು ವರ್ಷವೂ ತುಂಬದ ವಿದೇಶಿಯರೊಬ್ಬರ ಪಾಲಿಗೆ ಸಣ್ಣ ಸಾಹಸವಲ್ಲ.

ಆ ಛಂದಸ್ಸಿನ ಬೆನ್ನು ಹತ್ತಿಯೇ ಅವರು ಹಳಗನ್ನಡದ ಆಳಕ್ಕೆ ಇಳಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಇದೇ ಅವಧಿಯಲ್ಲಿ ಯಜ್ಞದ ಕುರಿತು ಒಂದು ಪುಸ್ತಕವನ್ನೂ ಲಿಂಗಾರಾಧನೆಯ ಮೂಲದ ಕುರಿತು ಜರ್ಮನ್ ಭಾಷೆಯಲ್ಲಿ ಮತ್ತೊಂದನ್ನೂ ಬರೆದರು. ಅವರು ಧರ್ಮಪ್ರಸಾರಕ್ಕಾಗಿ ಬಂದವರೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಅವರ ಬರಹದಲ್ಲಿ ವಾದದ ಉದ್ದೇಶವೂ ಇತ್ತು. ಅವರ ಧಾರ್ಮಿಕ ನಿಲುವುಗಳನ್ನು ನಾವು ಒಪ್ಪಲೇಬೇಕೆಂದಿಲ್ಲ. ಆದರೆ ವಾದಕ್ಕಾಗಿ ಓದಲಾರಂಭಿಸಿದವರು ಕ್ರಮೇಣ ಓದಿಗಾಗಿಯೇ ಓದಿದರೆಂಬುದಕ್ಕೆ ಅವರ ಮುಂದಿನ ಬಾಳೇ ಸಾಕ್ಷಿ.

ನಿಘಂಟಿನ ಕಾರ್ಯ ಎರಡು ದಶಕಗಳಷ್ಟು ದೀರ್ಘವಾಯಿತು. 1877ರಲ್ಲಿ ಕಿಟ್ಟೆಲ್ ಜರ್ಮನಿಗೆ ಮರಳಿದರೂ ಕೆಲಸ ನಿಲ್ಲಲಿಲ್ಲ. ಕಾವ್ಯಗಳಲ್ಲಿನ ಪದಗಳನ್ನು ಅಲ್ಲಿ ಕುಳಿತೂ ಆರಿಸಬಹುದು. ಆದರೆ ಹೊಲ, ಮಗ್ಗ, ಅಡುಗೆಮನೆ, ಸಂತೆಗಳಲ್ಲಿ ಜನರ ಬಾಯಲ್ಲಿರುವ ಮಾತನ್ನು ಅಲ್ಲಿ ಕೇಳುವುದೆಂತು? 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಕರ್ನಾಟಕಕ್ಕೆ ಬಂದರು. ಯೌವನದಲ್ಲಿ ಮಿಷನ್ನು ಕಳುಹಿಸಿದ ಕಡೆಗೆ ಬಂದವರು, ಈ ಬಾರಿ ಬಂದದ್ದು ಕನ್ನಡದ ಕರೆಗೆ ಎನ್ನಬಹುದು. ಕನ್ನಡ ಪಂಡಿತರ ನೆರವಿನೊಡನೆ ಗ್ರಂಥಗಳಿಂದಲೂ ಆಡುನುಡಿಯಿಂದಲೂ ಪದಗಳನ್ನೂ ಗಾದೆಗಳನ್ನೂ ಕೂಡಿಸಿದರು. ಕಣ್ಣುಗಳು ದುರ್ಬಲವಾಗತೊಡಗಿದ್ದವು, 1892ರಲ್ಲಿ ಅವರು ಕರ್ನಾಟಕದಿಂದ ಕೊನೆಯದಾಗಿ ಹೊರಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ನಿಘಂಟು 1,700ಕ್ಕೂ ಹೆಚ್ಚು ಪುಟಗಳದು. ಸುಮಾರು 70,000 ಪದಗಳನ್ನು ಒಳಗೊಂಡದ್ದು. ಪದವು ಯಾವ ಗ್ರಂಥದಲ್ಲಿ ಬಂದಿದೆ, ತಮಿಳು, ತೆಲುಗು, ಮಲಯಾಳಂ, ತುಳುಗಳಲ್ಲಿ ಅದರ ಬಂಧುಗಳಾವುವು ಎಂಬುದನ್ನೆಲ್ಲ ಅದರಲ್ಲಿ ಕಾಣಿಸಲಾಗಿದೆ. ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋಗಿರಬಹುದೆಂದು ತಮಗೆ ತೋರಿದ ಪದಗಳ ಪಟ್ಟಿಯೊಂದನ್ನೂ ಅವರು ಪೀಠಿಕೆಯಲ್ಲಿ ಕೊಟ್ಟಿದ್ದಾರೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಕೊನೆಯ ವರ್ಷಗಳನ್ನು ಕಿಟ್ಟೆಲ್ ಟ್ಯೂಬಿಂಗೆನ್ನಿನಲ್ಲಿಯೇ ಕಳೆದರು. ಕ್ಷೀಣಿಸಿದ ದೃಷ್ಟಿಯಲ್ಲಿಯೂ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಿಧನರಾದರು. ಬಾಲ್ಯದ ಚಳಿಯ ಡಿಸೆಂಬರಿಗೆ ಅವರು ಮರಳಿದ್ದರು ನಿಜ; ಆದರೆ ಕಡೆಯವರೆಗೂ ಅವರ ಮೇಜಿನ ಮೇಲಿದ್ದದ್ದು ಕರ್ನಾಟಕದ ಮಾತು.

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಲಾಗಿದೆ. ಧಾರವಾಡದ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಚೆನ್ನೈಯ ನಮ್ಮ ಬಂಧುಗಳಿಗೆ ಹೆಮ್ಮೆ ತರುವ ಸಂಗತಿಯೆಂದರೆ, ಈ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರಬಂದದ್ದು ಮದರಾಸು ವಿಶ್ವವಿದ್ಯಾಲಯದಿಂದ. ಹೊರನಾಡಿನಲ್ಲಿಯೂ ಕನ್ನಡದ ಗಟ್ಟಿ ಕೆಲಸ ನಡೆಯಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಪರವೂರಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಕನ್ನಡದ ಪದಗಳು ಒಂದೊಂದಾಗಿ ಜಾರುತ್ತಿರುವುದನ್ನು ನಾವೆಲ್ಲ ಬಲ್ಲೆವು. ಅಜ್ಜಿಗೆ ಗೊತ್ತಿದ್ದ ಗಾದೆ ಅಮ್ಮನಿಗೆ ಅರ್ಧ ನೆನಪು, ಮಕ್ಕಳಿಗೆ ಅಪರಿಚಿತ. ತನ್ನದಲ್ಲದ ಭಾಷೆಯ ಪದಗಳನ್ನು ಸೆಕೆಯಲ್ಲಿ ತಿರುಗಿ, ಕೇಳಿ, ಬರೆದಿಟ್ಟ ಒಬ್ಬ ಮಿಷನರಿಯ ಮುಂದೆ, ನಮ್ಮದೇ ಭಾಷೆಯ ಪದಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವುದು ದೊಡ್ಡ ಶ್ರಮವೇನಲ್ಲ. ಈ ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಹಿರಿಯರು ಬಲ್ಲ ಹತ್ತು ಗಾದೆಗಳನ್ನಾದರೂ ಅವರ ಕೈಯಿಂದ ಬರೆಯಿಸೋಣ. ಕಿಟ್ಟೆಲ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.