ಕರ್ಟ್ ಲೆವಿನ್

ಕರ್ಟ್ ಲೆವಿನ್ (9 ಸೆಪ್ಟೆಂಬರ್ 1890 – 12 ಫೆಬ್ರವರಿ 1947) ಜರ್ಮನ್-ಅಮೆರಿಕನ್ ಮನೋವಿಜ್ಞಾನಿ. ಇಂದು ಪೋಲೆಂಡಿನಲ್ಲಿರುವ ಮೊಗಿಲ್ನೊ ಎಂಬಲ್ಲಿ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಬರ್ಲಿನ್ನಿನಲ್ಲಿ ಬೋಧಿಸುತ್ತಿದ್ದ ಅವರು, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಅವರ ತಾಯಿ ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು.

ಬದಲಾವಣೆಗೆ ಒತ್ತಡ ಹೇರಿದಷ್ಟೂ ಉದ್ವೇಗ ಹೆಚ್ಚುತ್ತದೆ, ಆದ್ದರಿಂದ ತಡೆಯುವ ಶಕ್ತಿಗಳನ್ನು ಕುಗ್ಗಿಸುವುದೇ ಮೇಲು ಎಂಬುದು ಲೆವಿನ್ನರ ಮುಖ್ಯ ಪ್ರತಿಪಾದನೆ. ಎರಡನೇ ಮಹಾಯುದ್ಧದ ವೇಳೆ ಅಮೆರಿಕದ ಗೃಹಿಣಿಯರು ಪ್ರಾಣಿಗಳ ಗುಂಡಿಗೆ, ಮೂತ್ರಪಿಂಡಗಳನ್ನೂ ಅಡುಗೆಗೆ ಬಳಸುವಂತೆ ಮಾಡಬೇಕಿತ್ತು. ಕೇವಲ ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಹೊಸದಾಗಿ ಅವನ್ನು ಬಡಿಸಿದರೆ, ಗುಂಪಿನಲ್ಲಿ ಚರ್ಚಿಸಿ ತಾವೇ ನಿರ್ಧರಿಸಿದವರಲ್ಲಿ ಆ ಪ್ರಮಾಣ ಶೇ. 32ಕ್ಕೆ ಏರಿತು. ಪಠ್ಯಪುಸ್ತಕಗಳು ಲೆವಿನ್ನರ ಹೆಸರಿನೊಡನೆ ಮೊದಲು ಹೇಳುವ 'ಕರಗಿಸು, ಬದಲಿಸು, ಮತ್ತೆ ಗಟ್ಟಿಗೊಳಿಸು' ಎಂಬ ಮೂರು ಹಂತಗಳಿಗಿಂತ ಈ ಪ್ರಯೋಗವೇ ಅವರ ವಿಚಾರವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

ವರ್ಜೀನಿಯಾದ ಹಾರ್ವುಡ್ ಪೈಜಾಮ ಕಾರ್ಖಾನೆಗೆ ಅವರು ಸಲಹೆಗಾರರಾಗಿದ್ದರು. ಅಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಪ್ರಯೋಗದಲ್ಲಿ, ಕೆಲಸದ ಹೊಸ ವಿಧಾನವನ್ನು ಬರೀ ತಿಳಿಸಲಾದ ಕಾರ್ಮಿಕರ ಉತ್ಪಾದನೆ ಕುಸಿಯಿತು, ಕೆಲವರು ಕೆಲಸವನ್ನೇ ಬಿಟ್ಟರು. ವಿಧಾನವನ್ನು ರೂಪಿಸುವಲ್ಲಿ ಪಾಲ್ಗೊಂಡವರು ಬೇಗನೆ ಚೇತರಿಸಿಕೊಂಡು ಹಿಂದಿನ ಮಟ್ಟವನ್ನೂ ಮೀರಿದರು. ಇದರ ವರದಿ ಪ್ರಕಟವಾದದ್ದು 1948ರಲ್ಲಿ. ಅದಕ್ಕೂ ಮುನ್ನವೇ, 56ನೆಯ ವಯಸ್ಸಿನಲ್ಲಿ, ಲೆವಿನ್ ಹೃದಯಾಘಾತದಿಂದ ನಿಧನರಾಗಿದ್ದರು.